ಮೀಟಿಂಗ್ ಬಾಗಿಲ ತನಕ ಹೋಗಿ ವಾಪಸ್ ಬಂದೆ

ಹನ್ನೊಂದನೇ ದಿನ:

ಕುಡಿತ ಬಿಟ್ಟು ಇವತ್ತಿಗೆ 11 ದಿನ. ಹೀಗೆ ಬಿಟ್ಟಿದ್ದು ಇದು ನಾಲ್ಕನೇ ಸಲ. ಒಬ್ಬನ ಕೈಲಿ ಆಗುವ ಕೆಲಸ ಅಲ್ಲ ಅಂತ ಈಗ ಒಪ್ಪಿಕೊಂಡಿದ್ದೇನೆ. ನಿನ್ನೆ ಸಂಜೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು) ಮೀಟಿಂಗ್‌ಗೆ ಅಂತ ಹೊರಟೆ. ಗೇಟ್ ಮುಂದೆ ಬೈಕ್ ನಿಲ್ಲಿಸಿದವನು ಹೆಲ್ಮೆಟ್ ತೆಗೆಯಲೇ ಇಲ್ಲ. ಒಳಗೆ ಜೋರಾಗಿ ನಗುತ್ತಿದ್ದರು. ಅಳು ಕೇಳಿಸಿದ್ದರೆ ಹೋಗುತ್ತಿದ್ದೆನೇನೋ, ನಗು ಕೇಳಿ ಹೆದರಿಕೆಯಾಯಿತು. ಗಾಡಿ ತಿರುಗಿಸಿದೆ.

ಹೋಗಿ ಅಭ್ಯಾಸ ಇರುವವರು ಹೇಳಿ. ಎದ್ದು ನಿಂತು ಮಾತಾಡಲೇಬೇಕಾ? ಹೆಸರು, ಕೆಲಸ ಎಲ್ಲ ಬರೆದುಕೊಳ್ಳುತ್ತಾರಾ? ನನಗೆ ದೇವರಲ್ಲಿ ನಂಬಿಕೆ ಇಲ್ಲ. ಗುರುತಿನವರು ಯಾರಾದ್ರೂ ಸಿಕ್ಕಿಬಿಟ್ಟರೆ?

ಕೊನೇ ಸಾಲಿನ ಕುರ್ಚಿ:

ಆ ನಗು ಮೊದಲು ನನಗೂ ಅರ್ಥವಾಗಿರಲಿಲ್ಲ. ಯಾರೋ ಬಾಟಲಿ ಬಚ್ಚಿಟ್ಟ ಜಾಗ ಮರೆತು ಮನೆಯೆಲ್ಲ ಜಾಲಾಡಿದ ಕಥೆ ಹೇಳುತ್ತಿರುತ್ತಾರೆ. ಅಲ್ಲಿ ಕೂತ ಅಷ್ಟೂ ಜನ ಹಾಗೆ ಹುಡುಕಿದವರೇ. ನಾನು ವಾಷಿಂಗ್ ಮೆಷಿನ್ ಹಿಂದೆ ಇಡುತ್ತಿದ್ದೆ.

ನಾನು ಬಿಟ್ಟು ಆರು ವರ್ಷ. ಮೊದಲ ಮೀಟಿಂಗ್‌ಗೆ ಬೇಕಂತಲೇ 20 ನಿಮಿಷ ತಡವಾಗಿ ಹೋದೆ, ಯಾರೂ ಮಾತಾಡಿಸದಿರಲಿ ಅಂತ. ಮುಗಿಯುವ ಮುಂಚೆಯೇ ಎದ್ದೆ. ಒಬ್ಬರು ಮೆಟ್ಟಿಲ ತನಕ ಹಿಂದೆ ಬಂದು ಒಂದು ಚೀಟಿ ಕೊಟ್ಟರು. ನಾಲ್ಕು ಫೋನ್ ನಂಬರ್. ‘ಕುಡಿಯೋಕೆ ಮುಂಚೆ ಮಾಡಿ, ಕುಡಿದ ಮೇಲಲ್ಲ’ ಅಂದರು, ಅಷ್ಟೇ. ಮೂರು ವಾರ ಅದು ಪರ್ಸ್‌ನಲ್ಲೇ ಇತ್ತು. ಮಡಿಕೆಯಲ್ಲಿ ಒಂದು ನಂಬರಿನ ಅಂಕಿ ಅಳಿಸಿಹೋಯಿತು. ಒಂದು ರಾತ್ರಿ ತಡೆಯಲಾರದೆ ಇನ್ನೊಂದು ನಂಬರಿಗೆ ಮಾಡಿದೆ. ಆ ಪುಣ್ಯಾತ್ಮ ಕುಡಿತದ ಸುದ್ದಿ ಎತ್ತಲೇ ಇಲ್ಲ. ತನ್ನ ಮನೆ ಸೂರು ಸೋರುವ ಕಥೆ 40 ನಿಮಿಷ ಹೇಳಿದ. ಅಷ್ಟರಲ್ಲಿ ಅಂಗಡಿ ಮುಚ್ಚಿತ್ತು!

ನನ್ನನ್ನು ಕೇಳಿದರೆ ಮೀಟಿಂಗ್‌ಗೆ ಹೋಗಬೇಕಾದ್ದು ಆ ನಂಬರ್‌ಗಳಿಗೋಸ್ಕರ. ಎಎ ಶುರುವಾಗಿದ್ದೂ ಫೋನ್‌ನಿಂದಲೇ ಅಲ್ವಾ? 1935ರಲ್ಲಿ, ಅದನ್ನು ಶುರುಮಾಡಿದವರಲ್ಲಿ ಒಬ್ಬನಾದ ಬಿಲ್ ವಿಲ್ಸನ್ ಅಮೆರಿಕದ ಆಕ್ರನ್‌ಗೆ ವ್ಯವಹಾರಕ್ಕೆ ಹೋಗಿ, ಅದು ಕೈಕೊಟ್ಟು, ಹೋಟೆಲ್ ಲಾಬಿಯಲ್ಲಿ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ತನ್ನ ಹಾಗೇ ಇರುವ ಇನ್ನೊಬ್ಬ ಕುಡುಕ ಸಿಗಬಹುದಾ ಅಂತ ಫೋನ್ ಎತ್ತಿದ. ಸಿಕ್ಕಿದ್ದು ಡಾ. ಬಾಬ್ ಎಂಬ ಸರ್ಜನ್. 15 ನಿಮಿಷ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು.

ಇನ್ನು ನಿಮ್ಮ ಪ್ರಶ್ನೆ. ಮಾತಾಡಲೇಬೇಕು ಅಂತಿಲ್ಲ. ‘ಇವತ್ತು ಸುಮ್ನೆ ಕೇಳ್ತೀನಿ’ ಅಂದರೆ ಸರದಿ ಮುಂದಕ್ಕೆ ಹೋಗುತ್ತದೆ. ಹೆಸರು ಬೇಕಾದರೆ ಹೇಳಿ, ಕೆಲಸ ಯಾರೂ ಕೇಳುವುದಿಲ್ಲ. ಫೀಸ್ ಇಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ನೀವು ಸದಸ್ಯರು, ಬೇರೆ ಅರ್ಹತೆ ಬೇಕಿಲ್ಲ. ದೇವರ ಮಾತು ಎಎಯ 12 ಮೆಟ್ಟಿಲುಗಳಲ್ಲಿ, ಅಂದರೆ ಕುಡಿತ ಬಿಡಲು ಅದು ಹೇಳುವ ಹಂತಗಳಲ್ಲಿ, ಬರುತ್ತದೆ, ಇಲ್ಲ ಅಂತ ಸುಳ್ಳು ಹೇಳಲ್ಲ. ‘ನಮಗೆ ತಿಳಿದ ಹಾಗಿನ ದೇವರು’ ಅಂತ ಬಿಟ್ಟಿದ್ದಾರೆ. ನಾನು ಆ ಜಾಗಕ್ಕೆ ಆ ಕೋಣೆಯ ಜನರನ್ನೇ ಕೂರಿಸಿಕೊಂಡೆ.

ಗುರುತಿನವರು? ನನಗೆ ಹಳೇ ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದವರೇ ಸಿಕ್ಕರು. ಇಬ್ಬರೂ ಐದು ಸೆಕೆಂಡ್ ಕಲ್ಲಾದೆವು. ಆಮೇಲೆ ಅವರು ಪಕ್ಕದ ಕುರ್ಚಿ ಮೇಲಿದ್ದ ತಮ್ಮ ಬ್ಯಾಗ್ ತೆಗೆದು ಜಾಗ ಮಾಡಿದರು.

ಎಎ ವೆಬ್‌ಸೈಟ್‌ನಲ್ಲಿ ಮೀಟಿಂಗ್ ಹುಡುಕಬಹುದು. ಆದರೆ ಫೋನ್ ಮಾಡಿಯೇ ಹೋಗಿ, ಸಮಯ ಬದಲಾಗಿರುತ್ತದೆ. ನಾನು ಒಮ್ಮೆ ಬೀಗ ನೋಡಿಕೊಂಡು ಬಂದಿದ್ದೇನೆ. ‘ಓಪನ್’ ಅಂತ ಇದ್ದರೆ ಜೊತೆಗೆ ಯಾರನ್ನಾದರೂ ಕರೆದೊಯ್ಯಬಹುದು. ‘ಕ್ಲೋಸ್ಡ್’ ಅಂದರೆ ಬಿಡಬೇಕು ಅನ್ನುವವರಿಗೆ ಮಾತ್ರ. ಕಾಲೇ ಏಳದಿದ್ದರೆ ಆನ್‌ಲೈನ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತುಕೊಳ್ಳಿ.

ಎರಡನೇ ರಾತ್ರಿ:

11 ದಿನ ದಾಟಿದ್ದೀರಿ, ಒಳ್ಳೇದು. ಇದನ್ನು ಓದುತ್ತಾ ಇವತ್ತೇ ಬಿಡುತ್ತೇನೆ ಅಂದುಕೊಂಡವರಿಗೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ನನಗೆ ಬಂತು, ಬಚ್ಚಲ ನೆಲದ ಮೇಲೆ ಎಚ್ಚರವಾಯಿತು. ಕೈ ಜೋರಾಗಿ ನಡುಗಿದರೆ, ಇಲ್ಲದ್ದು ಕಂಡರೆ, ಮೀಟಿಂಗ್‌ಗೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

ಲೆಕ್ಕದ ಮನುಷ್ಯ:

ನನಗೆ ಮೆಟ್ಟಿಲುಗಳು ಹಿಡಿಸಲಿಲ್ಲ. ಸ್ಮಾರ್ಟ್ ರಿಕವರಿ ಅನ್ನೋ ಇನ್ನೊಂದು ಗುಂಪಿಗೆ ಹೋಗುತ್ತೇನೆ. ಅಲ್ಲಿ ದೇವರಿಲ್ಲ, ಆಸೆ ಬಂದಾಗ ಏನು ಮಾಡೋದು ಅಂತ ಹಾಳೆಯ ಮೇಲೆ ಬರೆದು ಅಭ್ಯಾಸ ಮಾಡುತ್ತೇವೆ. ಆದರೂ ನ್ಯಾಯವಾಗಿ ಹೇಳಬೇಕು. ಚಿಕಿತ್ಸೆಗಳ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಎಎ ದಾರಿಯ ಚಿಕಿತ್ಸೆ ಉಳಿದವಕ್ಕೆ ಸಮ ಅಥವಾ ಸ್ವಲ್ಪ ಮೇಲೇ ಇತ್ತು. ಓದಿ ನನಗೆ ಸಿಟ್ಟೇ ಬಂತು!

ಅವರ ಹೆಂಡತಿ:

ನಿಮ್ಮ ಮನೆಯವರಿಗೆ ಅಲ್-ಅನಾನ್ ಬಗ್ಗೆ ಹೇಳಿ. ಕುಡಿಯುವವರ ಮನೆಯವರಿಗೆ ಅಂತಲೇ 1951ರಿಂದ ಇದೆ. ನನ್ನ ಗಂಡ ಇನ್ನೂ ಬಿಟ್ಟಿಲ್ಲ. ನಾನು ಬಾಟಲಿ ಅಳೆಯುವುದನ್ನು ಬಿಟ್ಟಿದ್ದೇನೆ.

ಹನ್ನೊಂದನೇ ದಿನ:

ಇವತ್ತು 13ನೇ ದಿನ. ಎಎಗೆ ಫೋನ್ ಮಾಡಿದೆ. ಗೇಟ್ ತನಕ ಬಂದು ವಾಪಸ್ ಹೋದವನು ನಾನೇ ಅಂದೆ. ಅವರು ಬೇರೇನೂ ಕೇಳಲಿಲ್ಲ. ‘ನಾಳೆ ಗೇಟ್ ಹತ್ರ ನಿಂತಿರ್ತೀನಿ, ಹೆಲ್ಮೆಟ್ ಯಾವ ಬಣ್ಣ?’ ಅಂದರು.