ಡಿ.ಎನ್.ಎಸ್. ಕೋರ್ಸಿಗೆ ಶೈಕ್ಷಣಿಕ ಸಾಲ: ಸ್ಪಾನ್ಸರ್‌ಶಿಪ್ ಪತ್ರವಿದ್ದರೆ ಸಾಕೇ?

ಗಂಗೊಳ್ಳಿಯ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನಾನು ದೋಣಿಗಳ ಇಂಜಿನ್ ದುರಸ್ತಿ ಮಾಡುವವನು. ಮನೆಯ ವಾರ್ಷಿಕ ಆದಾಯ ಮೂರು ಲಕ್ಷ ರೂಪಾಯಿಯನ್ನು ದಾಟುವುದಿಲ್ಲ. ನನ್ನ ಮಗ ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು, ಡೆಕ್ ಕೆಡೆಟ್ (ಹಡಗು ನಡೆಸುವ ವಿಭಾಗದ ತರಬೇತಿ ಅಭ್ಯರ್ಥಿ) ಆಗಲು ಒಂದು ವರ್ಷದ ಡಿ.ಎನ್.ಎಸ್. (ನೌಕಾಯಾನ ವಿಜ್ಞಾನದ ಡಿಪ್ಲೊಮಾ) ಕೋರ್ಸಿಗೆ ಸೇರುವ ಹಂತದಲ್ಲಿದ್ದಾನೆ. ಹಡಗು ಕಂಪನಿಯೊಂದು ಸ್ಪಾನ್ಸರ್‌ಶಿಪ್ ಪತ್ರ ಕೊಟ್ಟಾಗ ಶುಲ್ಕವನ್ನು ಕಂಪನಿಯೇ ಭರಿಸುತ್ತದೆ ಎಂದು ನಾವು ತಿಳಿದಿದ್ದೆವು. ಆದರೆ ಊಟ, ವಸತಿ, ಸಮವಸ್ತ್ರ ಎಲ್ಲವೂ ಸೇರಿ ಆರೂವರೆ ಲಕ್ಷ ರೂಪಾಯಿಯನ್ನು ನಾವೇ ಕಟ್ಟಬೇಕೆಂದು ಕಾಲೇಜಿನವರು ಈಗ ತಿಳಿಸಿದ್ದಾರೆ. ಅಡವಿಡಲು ಮನೆ ಬಿಟ್ಟರೆ ಬೇರೇನೂ ಇಲ್ಲ. ಮನೆಯನ್ನು ಅಡವಿಡದೆ ಸಾಲ ಸಿಗುವುದೇ? ಸರ್ಕಾರದ ನೆರವು ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಮನೆಯ ಪತ್ರಗಳನ್ನು ಕಪಾಟಿನಿಂದ ಹೊರಗೆ ತೆಗೆಯುವ ಅಗತ್ಯ ತಮಗೆ ಬರಲಾರದು. ಏಳೂವರೆ ಲಕ್ಷ ರೂಪಾಯಿವರೆಗಿನ ಶೈಕ್ಷಣಿಕ ಸಾಲಕ್ಕೆ ಕೇಂದ್ರ ಸರ್ಕಾರದ ಸಾಲ ಖಾತರಿ ಯೋಜನೆ ಇದೆ. ಅದರಡಿ ಮಂಜೂರಾಗುವ ಸಾಲಕ್ಕೆ ಬ್ಯಾಂಕು ಆಸ್ತಿಯ ಅಡಮಾನವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಸಾಲ ನಾಲ್ಕು ಲಕ್ಷ ದಾಟಿದರೆ, ದೇಶದೊಳಗಿನ ಕೋರ್ಸಿಗೆ ಸಾಮಾನ್ಯವಾಗಿ ಶೇ. 5ರಷ್ಟು ಹಣವನ್ನು ನಾವೇ ಹಾಕಬೇಕಾಗುತ್ತದೆ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಸಲ್ಲಿಸಿದರೆ ಅದಕ್ಕೆ ದಾಖಲೆ ಉಳಿಯುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿದೆ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ವಿರಾಮದ (ಕಂತು ಶುರುವಾಗುವ ಮೊದಲಿನ) ಅವಧಿಯಲ್ಲಿ ಶೇ. 3ರಷ್ಟು ಬಡ್ಡಿ ಸಹಾಯಧನ ಅದರಲ್ಲಿ ದೊರೆಯುತ್ತದೆ. ಆದರೆ ತಮ್ಮ ಮಗ ಸೇರುವ ಕಾಲೇಜು ಯೋಜನೆಯ ಪಟ್ಟಿಯಲ್ಲಿ ಇರಲೇಬೇಕು. ಇದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ. ಪರಿಶಿಷ್ಟ ಜಾತಿಗೆ ಸೇರಿದವರಾಗಿದ್ದು ಆದಾಯ ಎರಡೂವರೆ ಲಕ್ಷದೊಳಗಿದ್ದರೆ, ಹೊರರಾಜ್ಯದಲ್ಲಿ ಓದಿದರೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ನಮ್ಮ ರಾಜ್ಯದಿಂದಲೇ ಅರ್ಜಿ ಹಾಕಬಹುದು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲವಿದೆ. ಅದು ಮುಖ್ಯವಾಗಿ ರಾಜ್ಯದ ಸಿ.ಇ.ಟಿ. ಮೂಲಕ ಆಯ್ಕೆಯಾದವರಿಗಾಗಿ ಇರುವುದರಿಂದ ಅದನ್ನೇ ನಂಬಿ ಕೂರಬೇಡಿ.

ಮಂಗಳೂರಿನ ಸೆಕೆಂಡ್ ಆಫೀಸರ್

ಮೇಲಿನವರು ಸಾಲ ಪಡೆಯುವ ದಾರಿಯನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಸಾಲ ತೀರಿಸುವ ಕಾಲದ ಬಗ್ಗೆ ನಾನು ಹೇಳಬೇಕು, ಏಕೆಂದರೆ ನಮ್ಮ ಮನೆಯವರು ಕಷ್ಟಪಟ್ಟದ್ದು ಅಲ್ಲಿಯೇ.

ಸ್ಪಾನ್ಸರ್‌ಶಿಪ್ ಪತ್ರವೆಂದರೆ ಕೋರ್ಸ್ ಮುಗಿದ ಮೇಲೆ ಹಡಗಿನಲ್ಲಿ ತರಬೇತಿಗೆ ಜಾಗ ಕೊಡುತ್ತೇವೆ ಎಂಬ ಭರವಸೆ, ಅಷ್ಟೇ. ಡಿ.ಎನ್.ಎಸ್. ತರಗತಿ ಒಂದು ವರ್ಷ. ಆಮೇಲೆ ಕೆಡೆಟ್ ಆಗಿ ಹದಿನೆಂಟು ತಿಂಗಳ ಸಮುದ್ರ ಸೇವೆ ಪೂರೈಸಬೇಕು. ನಂತರ ದಡಕ್ಕೆ ಬಂದು, ಸಂಬಳವಿಲ್ಲದೆ ಕೆಲವು ತಿಂಗಳು ಓದಿ ಸೆಕೆಂಡ್ ಮೇಟ್ ಪರೀಕ್ಷೆ ಬರೆಯಬೇಕು. ಅಧಿಕಾರಿಯ ಸಂಬಳ ಶುರುವಾಗುವುದು ಅದಾದ ಮೇಲೆಯೇ. ಬ್ಯಾಂಕಾದರೋ ಕೋರ್ಸ್ ಒಂದು ವರ್ಷ, ವಿರಾಮ ಇನ್ನೊಂದು ವರ್ಷ ಎಂದು ಲೆಕ್ಕ ಹಾಕಿ, ಇಪ್ಪತ್ತೈದನೆಯ ತಿಂಗಳಿಗೆ ಕಂತು ಕೇಳುತ್ತದೆ. ಹುಡುಗ ಆಗ ಇನ್ನೂ ಕೆಡೆಟ್ ಆಗಿರುತ್ತಾನೆ.

ನನಗೆ ಕೋರ್ಸ್ ಮುಗಿದ ಮೇಲೆ ಹಡಗು ಸಿಕ್ಕಿದ್ದು ಏಳು ತಿಂಗಳಿಗೆ. ಪ್ರತಿ ಸೋಮವಾರ ಕಂಪನಿಗೆ ಫೋನು ಮಾಡಿದಾಗಲೂ ‘ಮುಂದಿನ ವಾರ ತಿಳಿಸುತ್ತೇವೆ’ ಎಂಬ ಒಂದೇ ಉತ್ತರ ಬರುತ್ತಿತ್ತು. ಹೀಗೆ ಕಾದದ್ದರಿಂದ ಕಂತು ಶುರುವಾದಾಗ ನನ್ನ ಸಮುದ್ರ ಸೇವೆ ಅರ್ಧವೂ ಆಗಿರಲಿಲ್ಲ. ಕೆಡೆಟ್ ಭತ್ಯೆ ಕಂತಿಗೆ ಸಾಲದೆ ಅಮ್ಮ ಎರಡು ಬಳೆಗಳನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟರು. ಆ ಚೀಟಿಯನ್ನು ಅವರು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ರಜೆಯಲ್ಲಿ ಊರಿಗೆ ಬಂದಾಗಲೇ ನನಗೆ ಅದು ಗೊತ್ತಾದದ್ದು.

ಇನ್ನೆರಡು ಮಾತು. ಒಂದು ರೂಪಾಯಿ ಕಟ್ಟುವ ಮೊದಲು, ಡಿ.ಜಿ. ಶಿಪ್ಪಿಂಗ್ (ಕೇಂದ್ರದ ಹಡಗು ಸಾರಿಗೆ ಮಹಾನಿರ್ದೇಶನಾಲಯ) ಮಾನ್ಯತೆ ಪಡೆದ ವೈದ್ಯರಲ್ಲಿ ಮಗನ ಕಣ್ಣು ತೋರಿಸಿ. ಬಣ್ಣಗುರುಡು ಪರೀಕ್ಷಿಸುವ ಪುಸ್ತಕದಲ್ಲಿ ಬಣ್ಣದ ಚುಕ್ಕಿಗಳ ನಡುವಿನ ಅಂಕಿಯನ್ನು ಓದಲಾಗದವನಿಗೆ ಡೆಕ್ ವಿಭಾಗದಲ್ಲಿ ಜಾಗವಿಲ್ಲ, ಮತ್ತು ಬಹಳ ಮಂದಿಗೆ ಆ ದೋಷವಿರುವುದು ಆ ಪುಸ್ತಕ ಮುಂದಿಟ್ಟಾಗಲೇ ತಿಳಿಯುತ್ತದೆ. ಹಾಗೆಯೇ, ಹಡಗಿನಲ್ಲಿ ಜಾಗ ಕೊಡಿಸಲು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಪರವಾನಗಿ ಪಡೆದ ನೇಮಕಾತಿ ಸಂಸ್ಥೆಗಳು ಅಭ್ಯರ್ಥಿಯಿಂದ ಸೇವಾಶುಲ್ಕ ಪಡೆಯುವುದನ್ನು ನಿಯಮಗಳೇ ನಿಷೇಧಿಸಿವೆ.

ಗಂಗೊಳ್ಳಿಯ ಒಬ್ಬ ತಂದೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇಪ್ಪತ್ತೈದನೆಯ ತಿಂಗಳ ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ. ಕಂತನ್ನು ಮುಂದಕ್ಕೆ ಹಾಕಿಸಿಕೊಳ್ಳಲು ಸಾಧ್ಯವೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಪ್ರಯತ್ನಿಸಬಹುದು, ಆದರೆ ಸಾಲ ಮಂಜೂರಾಗುವ ಮೊದಲೇ ಪ್ರಯತ್ನಿಸಬೇಕು. ಹದಿನೆಂಟು ತಿಂಗಳ ಹಡಗು ತರಬೇತಿ ಕಡ್ಡಾಯವೆಂದು ಕಾಲೇಜಿನಿಂದ ಪತ್ರ ಬರೆಸಿಕೊಂಡು, ಆ ಅವಧಿಯನ್ನೂ ಕೋರ್ಸಿನ ಭಾಗವಾಗಿ ಪರಿಗಣಿಸುವಂತೆ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಿ. ಒಪ್ಪಿದರೆ ಅದು ಮಂಜೂರಾತಿ ಪತ್ರದಲ್ಲಿ ದಾಖಲಾಗಬೇಕು, ಬಾಯಿಮಾತಿನ ಒಪ್ಪಿಗೆ ಸಾಲದು. ವ್ಯವಸ್ಥಾಪಕರು ವರ್ಗವಾಗಿ ಹೋದ ಮೇಲೆ ಆ ಮಾತಿಗೆ ಸಾಕ್ಷಿ ಯಾರೂ ಇರುವುದಿಲ್ಲ. ಒಂದು ಬ್ಯಾಂಕು ಒಪ್ಪದಿದ್ದರೆ ಇನ್ನೊಂದರಲ್ಲಿ ಕೇಳಿ.

ವಿರಾಮ ಸಿಕ್ಕಿದರೂ ಬಡ್ಡಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಆರು ಲಕ್ಷಕ್ಕೆ ಶೇ. 10ರ ದರ ಎಂದು ಹಿಡಿದರೆ ತಿಂಗಳಿಗೆ ಐದು ಸಾವಿರ ರೂಪಾಯಿ ಬಡ್ಡಿಯಾಗುತ್ತದೆ. ಅದರಲ್ಲಿ ಅರ್ಧವನ್ನಾದರೂ ಈಗಿನಿಂದ ಕಟ್ಟುತ್ತಾ ಬಂದರೆ ಅಸಲಿಗೆ ಸೇರುವ ಹೊರೆ ಕಡಿಮೆಯಾಗುತ್ತದೆ. ಬಡ್ಡಿಯನ್ನು ಪೂರ್ತಿ ಕಟ್ಟಿದವರಿಗೆ ದರದಲ್ಲಿ ಶೇ. 1ರಷ್ಟು ರಿಯಾಯಿತಿ ನೀಡುವ ಬ್ಯಾಂಕುಗಳೂ ಇವೆ.

ಗಂಗೊಳ್ಳಿಯ ಒಬ್ಬ ತಂದೆ

ನಾಳೆ ಮಗನ ಕಣ್ಣಿನ ಪರೀಕ್ಷೆಗೆ ಮಂಗಳೂರಿಗೆ ಹೊರಟಿದ್ದೇವೆ. ಅದರ ಫಲಿತಾಂಶ ಬಂದ ಮೇಲೆ ಕಾಲೇಜಿನ ಪತ್ರ ತರಿಸಿಕೊಂಡು ಬ್ಯಾಂಕಿಗೆ ಹೋಗುತ್ತೇನೆ. ಬ್ಯಾಂಕಿನವರು ಏನು ಹೇಳಿದರೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.