ಕಂಪನಿ ದುಡ್ಡಲ್ಲಿ ನಮ್ಮೂರ ಹಳ್ಳ ಸರಿಮಾಡಿಸಬಹುದಾ? ಜಲಾನಯನ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಕಲೇಶಪುರ ಕಡೆಯ ಸದಸ್ಯರು): ನಮಸ್ತೆ ಮೇಡಂ. ನಮ್ಮೂರ ಹಳ್ಳ ಮೂರು ಕಿಲೋಮೀಟರ್ ಹರಿದು ಹೇಮಾವತಿ ಸೇರುತ್ತೆ. ನಾವು ಚಿಕ್ಕವರಿದ್ದಾಗ ಏಪ್ರಿಲ್‌ನಲ್ಲೂ ಮೊಣಕಾಲುದ್ದ ನೀರಿರ್ತಿತ್ತು. ಈಗ ಫೆಬ್ರವರಿಗೇ ಹರಿವು ನಿಂತು ಬರೀ ಗುಂಡಿಗಳು. ಬೆಂಗಳೂರಿನ ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡಲ್ಲಿ 40 ಲಕ್ಷ ಕೊಡ್ತೀವಿ ಅಂತ ಬಂದಿದ್ದಾರೆ. ಜೆಸಿಬಿ ಬಿಟ್ಟು ಹೂಳೆತ್ತೋದು, ಮೂರು ಚೆಕ್‌ಡ್ಯಾಂ, ದಡಕ್ಕೆ ಕಲ್ಲು, 5,000 ಸಸಿ. ಎಲ್ಲಾ ಮಾರ್ಚ್ 31ರೊಳಗೆ ಮುಗೀಬೇಕಂತೆ. ಒಪ್ಪಿಕೊಳ್ಳೋದಾ?

ಉತ್ತರ: ದುಡ್ಡಿಗೆ ಹೂಂ ಅನ್ನಿ, ಪಟ್ಟಿಗೆ ಬೇಡ ಅನ್ನಿ.

ಮೊದಲು ಈ ಮಾರ್ಚ್ ಅವಸರ ಎಲ್ಲಿಂದ ಬಂತು ನೋಡೋಣ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ವರ್ಷದ ಕೊನೆಯಲ್ಲಿ ಲೆಕ್ಕ ಮುಚ್ಚೋ ಹೊತ್ತಿಗೆ ದುಡ್ಡು ಉಳಿದಿದ್ದರೆ ಫೋನ್‌ಗಳು ಶುರುವಾಗ್ತವೆ. ನನಗೂ ಪ್ರತಿ ಜನವರಿ ಬರ್ತವೆ. ಆದರೆ ಅದೇ ಕಾನೂನಲ್ಲಿ ‘ಮುಂದುವರಿಯುವ ಯೋಜನೆ’ ಅಂತ ಒಂದು ದಾರಿ ಇದೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಕೆಲಸ ನಡೆಸಬಹುದು. ಆ ವರ್ಷ ಖರ್ಚಾಗದ ದುಡ್ಡನ್ನು ಏಪ್ರಿಲ್ 30ರೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿಟ್ಟರೆ ಸಾಕು. ಇದು ಅವರ ಅಕೌಂಟ್ಸ್ ವಿಭಾಗಕ್ಕೆ ಚೆನ್ನಾಗಿ ಗೊತ್ತು. ನಿಮಗೂ ಗೊತ್ತಿದೆ ಅಂತ ತಿಳಿದರೆ ಮಾತಿನ ಧಾಟಿಯೇ ಬದಲಾಗುತ್ತೆ.

ಇನ್ನು ಜೆಸಿಬಿ. ಬಯಲುಸೀಮೆ ಕೆರೆಯ ಹೂಳೂ ಮಲೆನಾಡಿನ ಹಳ್ಳದ ತಳವೂ ಒಂದೇ ಅಲ್ಲ. ನಿಮ್ಮ ಹಳ್ಳದ ಮರಳು, ಗುಂಡುಕಲ್ಲು, ಕೇದಿಗೆ ಮೆಳೆ, ಬೇರು, ಇವೆಲ್ಲ ಸೇರಿ ನೀರನ್ನು ತಡೆದು ತಡೆದು ಬಿಡ್ತವೆ. ತಳ ತೋಡಿ ಆಳ ಮಾಡಿದರೆ ಪಕ್ಕದ ಹಡ್ಲಿನಲ್ಲಿ (ತಗ್ಗಿನ ಗದ್ದೆ ಜಾಗದಲ್ಲಿ) ಹಿಂಗಿ ಕೂತ ನೀರೂ ಬೇಗ ಬಸಿದು ಹೋಗುತ್ತೆ. ಜನವರಿವರೆಗೆ ಬರ್ತಿದ್ದ ನೀರು ಡಿಸೆಂಬರ್‌ಗೇ ಖಾಲಿ. ದಡಕ್ಕೆ ಕಲ್ಲು ಕಟ್ಟಿದರೆ ಅದು ಚರಂಡಿ. ಮಾರ್ಚ್‌ನಲ್ಲಿ ಸಸಿ ನೆಡೋ ವಿಚಾರ ನಿಮಗೆ ನಾನು ಹೇಳಬೇಕಾ!

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ 40 ಲಕ್ಷದಲ್ಲಿ ಏನು ಮಾಡಿಸೋದು ಮೇಡಂ?

ಉತ್ತರ: ಮೊದಲ ವರ್ಷ ಹೆಚ್ಚೇನೂ ಮಾಡಿಸಬೇಡಿ. ಅಳೆಯಿರಿ.

ಇದಕ್ಕೆ ಯಂತ್ರ ಬೇಡ, ಒಂದು ಕಿತ್ತಳೆ ಹಣ್ಣು ಸಾಕು. ಹಳ್ಳ ನೇರವಾಗಿ ಹರಿಯೋ ಕಡೆ 10 ಮೀಟರ್ ಹಗ್ಗ ಹಿಡಿದು ಎರಡು ಗೂಟ ನೆಡಿ. ಮೇಲಿನ ಗೂಟದ ಹತ್ತಿರ ಹಣ್ಣು ಬಿಟ್ಟು ಕೆಳಗಿನ ಗೂಟ ಮುಟ್ಟೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ನೋಡಿ. ಐದು ಸಲ ಬಿಟ್ಟು ಸರಾಸರಿ ತೆಗೀರಿ. ಹಣ್ಣು ಅರ್ಧ ಮುಳುಗಿ ತೇಲೋದರಿಂದ ಗಾಳಿಗೆ ಸಿಗೋದಿಲ್ಲ, ಎಲೆ ಬಿಟ್ಟರೆ ಲೆಕ್ಕ ತಪ್ಪುತ್ತೆ. 40 ಸೆಕೆಂಡ್ ಆಯ್ತು ಅನ್ನಿ, ವೇಗ ಸೆಕೆಂಡಿಗೆ 0.25 ಮೀಟರ್. ಅಗಲ ಒಂದೂವರೆ ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್, ಅಂದರೆ 0.2 ಮೀಟರ್. ಮೂರನ್ನೂ ಗುಣಿಸಿ. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕೆ ಬಂದದ್ದನ್ನು 0.8ರಿಂದ ಗುಣಿಸಿ. ಸೆಕೆಂಡಿಗೆ 0.06 ಘನ ಮೀಟರ್, ಅಂದರೆ ಸುಮಾರು 60 ಲೀಟರ್ ಬಂತು. ಪ್ರತಿ ಭಾನುವಾರ ಅದೇ ಜಾಗದಲ್ಲಿ ಹೈಸ್ಕೂಲ್ ಮಕ್ಕಳ ಕೈಲಿ ಮಾಡಿಸಿ ಪುಸ್ತಕದಲ್ಲಿ ಬರೆಸಿ. ಒಂದು ವರ್ಷದ ಈ ಪುಸ್ತಕ ಇಲ್ಲದೆ ‘ಹಳ್ಳ ಪುನಶ್ಚೇತನವಾಯ್ತು’ ಅಂತ ಯಾರು ಹೇಳಿದರೂ ಅದು ಬಾಯಿಮಾತು.

ಜೊತೆಗೆ ಹಳ್ಳದುದ್ದಕ್ಕೂ ನಡೆದು ಎಷ್ಟು ಪಂಪು ಇಳಿದಿವೆ ಎಣಿಸಿ. ಹೂಮಳೆ ಬಾರದ ವರ್ಷ ಕಾಫಿ ಹೂ ಅರಳಿಸೋಕೆ ಸ್ಪ್ರಿಂಕ್ಲರ್ ಎಲ್ಲರೂ ಒಂದೇ ವಾರ ಹಾಕ್ತೀವಿ ಅಲ್ವಾ? ಮೂರು ಚೆಕ್‌ಡ್ಯಾಂ ಕಟ್ಟಿದರೆ ಪಂಪಿಗೆ ಮೂರು ಗುಂಡಿ ಸಿಕ್ಕವು ಅಷ್ಟೇ, ಕೆಳಗಿನವರಿಗೆ ಒಂದು ಚೊಂಬು ನೀರೂ ಹೆಚ್ಚಿಗೆ ಬರೋದಿಲ್ಲ. ದುಡ್ಡು ಹಾಕೋದಾದರೆ ಹಳ್ಳದ ತಲೆಗೆ ಹಾಕಿ. ಪಾಳುಬಿದ್ದ ಹಡ್ಲಿನ ಬದು, ತೋಟದ ಇಂಗುಗುಂಡಿ, ದಡದಲ್ಲಿ ಹೊಳೆಮತ್ತಿ, ನೇರಳೆ, ವಾಟೆ. ಸಸಿ ಜೂನ್‌ನಲ್ಲಿ, ಜೊತೆಗೆ ಮೂರು ವರ್ಷ ನೋಡಿಕೊಳ್ಳೋರ ಸಂಬಳ.

ಪ್ರಶ್ನೆ (ಮೂಡಿಗೆರೆಯ ಬೆಳೆಗಾರರು): ಮೇಡಂ, ನಮ್ಮಲ್ಲಿ ನೀರಿನ ಕೊರತೆಗಿಂತ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ನೀರಿನದೇ ಗೋಳು. ಡಿಸೆಂಬರ್ ಬಂದರೆ ಹಳ್ಳ ಕಪ್ಪಗಾಗಿ ಹುಳಿವಾಸನೆ. ಸಣ್ಣ ಬೆಳೆಗಾರರಿಗೆ ಸಿಎಸ್‌ಆರ್‌ನಲ್ಲಿ ಟ್ಯಾಂಕ್ ಕಟ್ಟಿಸಿಕೊಡಬಹುದಾ?

ಉತ್ತರ: ನಾನು ಕಾಯ್ತಾ ಇದ್ದ ಪ್ರಶ್ನೆ.

ಹಣ್ಣಿನ ಲೋಳೆಯಲ್ಲಿ ಸಕ್ಕರೆ ಇರುತ್ತೆ. ಅದು ನೀರಿಗೆ ಸೇರಿ ಹುಳಿಯಾಗುತ್ತೆ. ಸೂಕ್ಷ್ಮಜೀವಿಗಳು ಅದನ್ನು ತಿನ್ನೋಕೆ ನೀರಿನಲ್ಲಿರೋ ಆಮ್ಲಜನಕವನ್ನೆಲ್ಲ ಎಳೆದುಕೊಳ್ತವೆ, ಮೀನು ಉಸಿರು ಕಟ್ಟಿ ಸಾಯುತ್ತೆ. ಅದೂ ಹಳ್ಳ ಇಳಿಯೋ ಕಾಲದಲ್ಲೇ. ಪರಿಹಾರ ಹೊಸದೇನಲ್ಲ: ನೀರು ಕಡಿಮೆ ಬಳಸೋ ಪಲ್ಪರ್, ಅದೇ ನೀರಿನ ಮರುಬಳಕೆ, ಸುಣ್ಣ ಹಾಕಿ ಹುಳಿ ಮುರಿಯೋದು, ಸೋರದ ಹೊಂಡ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿದರೆ ಅಳತೆ ಸಮೇತ ಹೇಳ್ತಾರೆ.

ದುಡ್ಡು ಯಾವ ಜೇಬಿಂದ ಅನ್ನೋದು ಮುಖ್ಯ. ಕಂಪನಿ ತನ್ನ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡೋ ಕೆಲಸವನ್ನು ಸಿಎಸ್‌ಆರ್ ಅಂತ ತೋರಿಸೋ ಹಾಗಿಲ್ಲ. ನಿಮ್ಮ ಕಾಫಿ ಕೊಳ್ಳೋ ಕಂಪನಿಯೇ ಟ್ಯಾಂಕ್ ಕಟ್ಟಿಸಿದರೆ ಆಡಿಟರ್ ಪ್ರಶ್ನೆ ಎತ್ತಬಹುದು. ಆದರೆ ಅವರು ಅದನ್ನು ಸಿಎಸ್‌ಆರ್‌ನಲ್ಲಿ ಯಾಕೆ ಕೊಡಬೇಕು? ವ್ಯಾಪಾರದ ಖರ್ಚಲ್ಲೇ ಕೊಡಲಿ.

ಫ್ರಾನ್ಸ್‌ನ ವಿತ್ತೆಲ್‌ನಲ್ಲಿ ಹಾಗೇ ಆಯ್ತು. ಬಾಟಲಿ ನೀರಿನ ಕಂಪನಿ. 1980ರ ದಶಕದಲ್ಲಿ ಊಟೆಯ ನೀರಿನಲ್ಲಿ ನೈಟ್ರೇಟ್ ಏರತೊಡಗಿತು. ಕಾರಣ, ಮೇಲಿನ ಜಮೀನಿನ ಮೆಕ್ಕೆಜೋಳ, ಗೊಬ್ಬರ, ದನದ ಕೊಟ್ಟಿಗೆ. ಕಂಪನಿ ಕೋರ್ಟಿಗೆ ಹೋಗಲಿಲ್ಲ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯವರನ್ನು ಕರೆಸಿ ರೈತರ ಜೊತೆ ವರ್ಷಗಟ್ಟಲೆ ಕೂತು ಮಾತಾಡಿತು. 1992ರಲ್ಲಿ ಇದಕ್ಕೇ ಅಂತ ಒಂದು ಪ್ರತ್ಯೇಕ ಸಂಸ್ಥೆ ಮಾಡಿತು. ಮೆಕ್ಕೆಜೋಳ ಬಿಟ್ಟು ಹುಲ್ಲು ಬೆಳೆದರೆ, ರಾಸಾಯನಿಕ ಬಿಟ್ಟು ಕಾಂಪೋಸ್ಟ್ ಹಾಕಿದರೆ, ನಷ್ಟ ತುಂಬಿಕೊಟ್ಟು 18 ಇಲ್ಲವೇ 30 ವರ್ಷದ ಕರಾರು. ಕೊಟ್ಟಿಗೆ ರಿಪೇರಿಗೂ ದುಡ್ಡು. ನೀರು ಕೆಟ್ಟರೆ ಅವರ ಅಂಗಡಿಗೇ ಬೀಗ, ಅದಕ್ಕೇ ಅಷ್ಟು ತಾಳ್ಮೆ. (ಅದೇ ಊರಲ್ಲಿ ಆಳದ ಅಂತರ್ಜಲ ಇಳಿದದ್ದಕ್ಕೆ ಇದೇ ಕಂಪನಿಯ ಮೇಲೆ ಜನ ಮುಂದೆ ತಿರುಗಿಬಿದ್ದರು. ಗುಣ ಕಾಪಾಡಿದವರೇ ಪ್ರಮಾಣದಲ್ಲಿ ಸಿಕ್ಕಿಬಿದ್ದದ್ದು. ಅಳತೆ ಪುಸ್ತಕ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.)

ಪ್ರತಿಕ್ರಿಯೆ (ಹಾಸನದ ಸದಸ್ಯರು): ಇದೆಲ್ಲ ಕಂಪನಿಗಳು ಬೋರ್ಡ್ ಹಾಕಿಸಿಕೊಳ್ಳೋ ನಾಟಕ ಮೇಡಂ. ಲಾಭ ಬಿಟ್ಟುಕೊಟ್ಟ ಒಂದು ಕಂಪನಿ ತೋರಿಸಿ.

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತೆ. ನಾನು ಹೊಸಬಳಾಗಿದ್ದಾಗ ದುಡಿದ ಒಂದು ಯೋಜನೆಯಲ್ಲಿ ಎರಡು ಮಳೆಗಾಲಕ್ಕೆ ಕಲ್ಲುಕಟ್ಟೆ ಕೊಚ್ಚಿಹೋಯ್ತು, ಉದ್ಘಾಟನೆಯ ಗ್ರಾನೈಟ್ ಫಲಕ ಮಾತ್ರ ಇನ್ನೂ ಫಳಫಳ ಅಂತಿದೆ. ಬಟ್ಟೆ ಒಗೆಯೋಕೆ ಅನುಕೂಲ.

ಲಾಭ ಬಿಟ್ಟುಕೊಟ್ಟವರು ಅಪರೂಪ. ಲೆಕ್ಕ ಕೂಡಿಬಂದಾಗ ದಾರಿ ಬಿಟ್ಟವರು ಇದ್ದಾರೆ. ಅಮೆರಿಕದ ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ನದಿಯಲ್ಲಿ ವಿದ್ಯುತ್ ಕಂಪನಿಯ ಅಣೆಕಟ್ಟುಗಳಿಂದ ಸಾಲ್ಮನ್ ಮೀನು ಮೇಲೆ ಹತ್ತಲಾಗುತ್ತಿರಲಿಲ್ಲ. 2004ರಲ್ಲಿ ಕಂಪನಿ, ಅಲ್ಲಿನ ಮೂಲನಿವಾಸಿಗಳಾದ ಪೆನಾಬ್‌ಸ್ಕಾಟ್ ಜನ, ಪರಿಸರ ಸಂಘಟನೆಗಳು, ಸರ್ಕಾರ ಎಲ್ಲ ಸೇರಿ ಸಹಿ ಹಾಕಿದರು. ಸಂಘಟನೆಗಳ ಟ್ರಸ್ಟ್ ಮೂರು ಅಣೆಕಟ್ಟು ಕೊಂಡುಕೊಂಡು 2012ರಲ್ಲಿ ಒಂದು, 2013ರಲ್ಲಿ ಇನ್ನೊಂದು ಒಡೆಸಿತು. ಮೂರನೆಯದರ ಪಕ್ಕ ಮೀನಿಗೆ ಕಾಲುವೆ ತೆಗೆಸಿತು. ಬದಲಿಗೆ ಬೇರೆ ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸೋಕೆ ಕಂಪನಿಗೆ ಅವಕಾಶ ಸಿಕ್ಕಿತು. ಕರೆಂಟೂ ಉಳೀತು, ಮೀನೂ ಬಂತು. ಯಾರ ಹೃದಯವೂ ಕರಗಿರಲಿಲ್ಲ, ಕರಾರು ಗಟ್ಟಿಯಿತ್ತು ಅಷ್ಟೇ.

ಪ್ರಶ್ನೆ (ಸಕಲೇಶಪುರದ ಸದಸ್ಯರು): ಕಂಪನಿಗೆ ಈಗ ಏನಂತ ಬರೀಲಿ ಮೇಡಂ? ನಮ್ಮ ಹಳ್ಳಕ್ಕೂ ಅವರ ವ್ಯಾಪಾರಕ್ಕೂ ಏನೂ ಸಂಬಂಧ ಇಲ್ವಲ್ಲ.

ಉತ್ತರ: ಇಲ್ಲ ಅಂದವರಾರು? ನಿಮ್ಮ ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರು ದಾಟಿ ಕೆಆರ್‌ಎಸ್ ಹಿನ್ನೀರಿಗೆ, ಅಲ್ಲಿಂದ ಕಾವೇರಿಯಾಗಿ ಇಳಿದು ತೊರೆಕಾಡನಹಳ್ಳಿಯ ಪಂಪುಗಳ ಮೂಲಕ ಬೆಂಗಳೂರಿನ ನಲ್ಲಿಗೆ. ಅವರ ಆಫೀಸಿನಲ್ಲಿ ಬರೋದು ಕಾವೇರಿ ನೀರಾದರೆ ಅದರಲ್ಲಿ ನಿಮ್ಮ ಹಳ್ಳದ ಪಾಲೂ ಇದೆ. ಇದನ್ನೇ ಮೊದಲ ಸಾಲಾಗಿ ಬರೀರಿ.

ಆಮೇಲೆ: ಮೂರು ವರ್ಷದ ಮುಂದುವರಿಯುವ ಯೋಜನೆ ಆಗಲಿ. ಜೆಸಿಬಿ ಬೇಡ. ನಿರ್ವಹಣೆಗೆ ಪ್ರತ್ಯೇಕ ಮೊತ್ತ ಇಡಿ. ಕಟ್ಟಿದ್ದು ಪಂಚಾಯ್ತಿ ಹೆಸರಿಗೆ ಬರಲಿ, ಸಿಎಸ್‌ಆರ್‌ನಲ್ಲಿ ಆದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳೋ ಹಾಗೂ ಇಲ್ಲ. ಅಳತೆ ಪುಸ್ತಕ ಊರಲ್ಲೇ ಇರುತ್ತೆ, ಅವರು ನಕಲು ತಗೊಳ್ಳಲಿ. ಕೆಲಸ ನಡೆಸೋ ಸಂಸ್ಥೆಗೆ ಸಿಎಸ್‌ಆರ್-1 ಅನ್ನೋ ಸರ್ಕಾರಿ ನೋಂದಣಿ ಬೇಕು, ನಿಮ್ಮ ಯುವಕ ಸಂಘಕ್ಕೆ ಅದು ಇರಲಾರದು. ನೋಂದಣಿ ಇರೋ ಸಂಸ್ಥೆ ಜೊತೆ ಸೇರಿಕೊಳ್ಳಿ, ಆದರೆ ಒಪ್ಪಂದದಲ್ಲಿ ಊರಿನವರ ಸಹಿಯೂ ಇರಲೇಬೇಕು.

ಕಾಗದ ಕಳಿಸೋ ಮುಂಚೆ ನಾಡಕಚೇರಿಗೆ ಹೋಗಿ ಗ್ರಾಮ ನಕ್ಷೆ, ಅಕ್ಕಪಕ್ಕದ ಪಹಣಿ ತೆಗೆಸಿ. ಹಳ್ಳ ಬಿ ಖರಾಬಿನಲ್ಲಿ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸೇರದ ಜಾಗ) ಎಷ್ಟಗಲ ತೋರಿಸಿದೆ, ಈಗ ತೋಟದ ಬೇಲಿ ಎಲ್ಲಿವರೆಗೆ ಬಂದಿದೆ ನೋಡಿ. ಜಗಳ ಅಲ್ಲೇ ಇರುತ್ತೆ, ಮೊದಲೇ ಗೊತ್ತಿದ್ದರೆ ಒಳ್ಳೇದು. ಸರ್ವೆ ನಂಬರ್ ಮುಚ್ಚಿ ನಕ್ಷೆಯ ಫೋಟೋ ಇಲ್ಲೇ ಹಾಕಿ, ಬಿಡುವಾದಾಗ ನೋಡ್ತೀನಿ.