ಹದಿನಾಲ್ಕರ ಮಗ ಭಾರ ಎತ್ತಿದರೆ ಎತ್ತರ ಕುಂಠಿತವಾಗುತ್ತದೆಯೇ? – ಅನುಭವ ಹಂಚಿಕೆ

ತುಮಕೂರಿನ ತಾಯಿಯೊಬ್ಬರ ಕೋರಿಕೆ:
ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ, ಹದಿನಾಲ್ಕು ತುಂಬಿದ ನನ್ನ ಮಗ ಜಿಮ್‌ಗೆ ಸೇರಿಸಿ ಎಂದು ಹಟ ಹಿಡಿದಿದ್ದಾನೆ. ಬೆಳೆಯುವ ವಯಸ್ಸಿನಲ್ಲಿ ಭಾರ ಎತ್ತಿದರೆ ಕುಳ್ಳನಾಗಿಯೇ ಉಳಿಯುತ್ತಾನೆಂದು ನಮ್ಮ ಅತ್ತೆಯವರು ಒಪ್ಪುತ್ತಿಲ್ಲ. ಮಕ್ಕಳನ್ನು ಕಳುಹಿಸಿದವರು, ಕಲಿಸಿದವರು ದಯವಿಟ್ಟು ತಿಳಿಸಿ.

ಕೋಲಾರ ಜಿಲ್ಲೆಯ ದೈಹಿಕ ಶಿಕ್ಷಕರೊಬ್ಬರು:
ಅಮ್ಮ, ಸರಿಯಾಗಿ ಕಲಿಸಿದ, ಮಿತವಾದ ಭಾರದ ವ್ಯಾಯಾಮದಿಂದ ಎತ್ತರ ಕುಂಠಿತವಾಗುವುದಿಲ್ಲ. ಆದರೂ ಅತ್ತೆಯವರ ಆತಂಕಕ್ಕೆ ಒಂದು ಮೂಲವಿದೆ. ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಎಂಬ ಮೃದ್ವಸ್ಥಿಯ ಪದರವಿದ್ದು, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿ ಮೂಳೆಯಾಗುತ್ತದೆ. ಅದಕ್ಕೆ ಮುಂಚೆ ಅಲ್ಲಿ ಬಲವಾದ ಪೆಟ್ಟಾದರೆ ಆ ಮೂಳೆಯ ಬೆಳವಣಿಗೆ ಏರುಪೇರಾಗಬಹುದು. 1970–80ರ ದಶಕಗಳಲ್ಲಿ ಹೊರದೇಶಗಳಲ್ಲಿ ಅಂತಹ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಹೆಚ್ಚಿನವು, ನೋಡಿಕೊಳ್ಳುವವರಿಲ್ಲದೆ ಶಕ್ತಿ ಮೀರಿದ ಭಾರವನ್ನು ತಪ್ಪು ಭಂಗಿಯಲ್ಲಿ ಎತ್ತಲು ಹೋದಾಗ ಆದಂಥವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2008ರಲ್ಲಿಯೇ, ಸರಿಯಾಗಿ ರೂಪಿಸಿದ ತರಬೇತಿಯಿಂದ ಎತ್ತರಕ್ಕಾಗಲಿ ಗ್ರೋತ್ ಪ್ಲೇಟ್‌ಗಾಗಲಿ ತೊಂದರೆ ಕಂಡುಬಂದಿಲ್ಲವೆಂದು ತಿಳಿಸಿತ್ತು. 2020ರ ಪರಿಷ್ಕೃತ ವರದಿಯಲ್ಲಿಯೂ ಮೇಲ್ವಿಚಾರಣೆಯಿರುವ ತರಬೇತಿಯನ್ನು ಬೆಂಬಲಿಸಿದೆ. ವೇಟ್‌ಲಿಫ್ಟರ್‌ಗಳಲ್ಲಿ ಅನೇಕರು ಕುಳ್ಳಗಿರುವುದು ಭಾರ ಎತ್ತಿದ್ದರಿಂದಲ್ಲ; ಗಿಡ್ಡ ಕೈಕಾಲಿನವರಿಗೆ ಆ ಕ್ರೀಡೆಯಲ್ಲಿ ಅನುಕೂಲ ಹೆಚ್ಚಿರುವುದರಿಂದ ಅಂಥವರೇ ಅದರಲ್ಲಿ ಮುಂದೆ ಬರುತ್ತಾರೆ.

ನಮ್ಮ ಕಡೆ ರಜಾ ದಿನಗಳಲ್ಲಿ ಹುಡುಗರು ಅಪ್ಪನ ಜೊತೆ ನಿಂತು 15 ಕೆ.ಜಿ.ಯ ಟೊಮೆಟೊ ಬಾಕ್ಸ್‌ಗಳನ್ನು ಟೆಂಪೋಗೆ ಏರಿಸುತ್ತಾರೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಸೊಂಟ ಬಗ್ಗಿಸಿ, ಮೈ ತಿರುಚಿ ಎತ್ತುವ ಆ ಕೆಲಸ ನನಗೆ ಡಂಬೆಲ್‌ಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ನಾನು ಮೊದಲು ಕೈಗೆ ಕೊಡುವುದು ಬರಿಯ ಬಿದಿರು ಕೋಲು. ಅದನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆಯುವಾಗ ಹಿಮ್ಮಡಿ ನೆಲ ಬಿಡುತ್ತದೆಯೇ, ಮಂಡಿಗಳು ಒಳಕ್ಕೆ ವಾಲುತ್ತವೆಯೇ, ಕೋಲು ಒಂದು ಬದಿಗೆ ಇಳಿಯುತ್ತದೆಯೇ ಎಂದು ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಇವು ಮೂರೂ ಸರಿಯಾಗುವವರೆಗೆ ಭಾರದ ಮಾತಿಲ್ಲ. ಆಮೇಲೆ ಹತ್ತು–ಹದಿನೈದು ಸಲ ಸಲೀಸಾಗಿ ಎತ್ತಬಲ್ಲಷ್ಟು ಭಾರ, ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು. ಯಾರು ಹೆಚ್ಚು ಎತ್ತುತ್ತಾರೆ ಎಂಬ ಪಂದ್ಯವನ್ನು, ಅದರಲ್ಲೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಲು ಕಟ್ಟುವ ಪಂದ್ಯವನ್ನು, ನಾನು ಖಡಾಖಂಡಿತವಾಗಿ ನಿಷೇಧಿಸಿದ್ದೇನೆ.

ಚಿಕ್ಕಬಳ್ಳಾಪುರದ ತಾಯಿಯೊಬ್ಬರು:
ನನ್ನ ಮಗಳು ಕಬಡ್ಡಿ ಆಡುತ್ತಾಳೆ, ತರಬೇತುದಾರರು ಭಾರದ ವ್ಯಾಯಾಮವನ್ನೂ ಮಾಡಿಸುತ್ತಾರೆ. ಅವಳು ಎತ್ತರವಾಗುವುದು ನಿಧಾನವಾದಾಗ ಬಂಧುಗಳೆಲ್ಲ ಡಂಬೆಲ್‌ಗಳನ್ನೇ ದೂರಿದರು. ಮಕ್ಕಳ ವೈದ್ಯರು ತಿಳಿಸಿದ ಮೇಲೆ ವಿಷಯ ಅರ್ಥವಾಯಿತು: ಮುಟ್ಟು ಆರಂಭವಾದ ನಂತರ ಹೆಣ್ಣುಮಕ್ಕಳು ಎತ್ತರವಾಗುವ ವೇಗ ತಾನಾಗಿಯೇ ತಗ್ಗುತ್ತದೆ, ವ್ಯಾಯಾಮ ಮಾಡದ ಅವಳ ಗೆಳತಿಯರಿಗೂ ಹಾಗೆಯೇ ಆಗಿತ್ತು. ಎತ್ತರವನ್ನು ಬಹುಪಾಲು ನಿರ್ಧರಿಸುವುದು ತಂದೆ-ತಾಯಿಯಿಂದ ಬಂದ ಗುಣ. ಉಳಿದದ್ದರಲ್ಲಿ ಊಟ, ನಿದ್ದೆ, ಆರೋಗ್ಯಗಳ ಪಾಲು ದೊಡ್ಡದು. ಆದ್ದರಿಂದ ನಾನು ಕಾಳಜಿ ವಹಿಸಿದ್ದು ಬೆಳಗಿನ ತಿಂಡಿ ಬಿಟ್ಟು ಓಡುವ ಅವಳ ಅಭ್ಯಾಸದ ಬಗ್ಗೆ. ನಮ್ಮ ರಾಗಿಯ 100 ಗ್ರಾಂನಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆಗೆ ಕಾಳು, ಮೊಟ್ಟೆ, ಹಾಲು ಇದ್ದರೆ ಬೆಳೆಯುವ ಮೂಳೆಗೂ ಸ್ನಾಯುವಿಗೂ ಬೇಕಾದದ್ದು ಬಹುಮಟ್ಟಿಗೆ ಸಿಗುತ್ತದೆ.

ತುಮಕೂರಿನ ಔಷಧ ಅಂಗಡಿಯವರೊಬ್ಬರು:
ಮೇಲಿನ ಇಬ್ಬರೂ ಹೇಳದ ಒಂದು ಅಪಾಯವನ್ನು ನಾನು ಹೇಳಲೇಬೇಕು. ಬೇಗ ಮೈಕಟ್ಟು ಬರಲೆಂದು ಹುಡುಗರು ತೆಗೆದುಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್‌ಗಳು ಗ್ರೋತ್ ಪ್ಲೇಟ್‌ಗಳನ್ನು ಅವಧಿಗೆ ಮುಂಚೆಯೇ ಮುಚ್ಚಿಬಿಡಬಲ್ಲವು. ಅಂದರೆ ಎತ್ತರ ನಿಜವಾಗಿಯೂ ನಿಂತುಹೋಗುವುದು ಇವುಗಳಿಂದ. ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ, ಆದರೂ ಮೀಸೆ ಚಿಗುರದ ಹುಡುಗರು ಬಂದು ಹೆಸರು ಹಿಡಿದು ಕೇಳುತ್ತಾರೆ. ಆದ್ದರಿಂದ ಅಮ್ಮ, ಮಗನನ್ನು ಸೇರಿಸುವ ಮೊದಲು ನೀವೇ ಒಂದು ಸಂಜೆ ಆ ಜಿಮ್‌ಗೆ ಹೋಗಿ, ಹದಿಹರೆಯದವರನ್ನು ನೋಡಿಕೊಳ್ಳುವವರು ಯಾರು, ಅಲ್ಲಿ ಪುಡಿ-ಇಂಜೆಕ್ಷನ್‌ಗಳ ಮಾತು ನಡೆಯುತ್ತದೆಯೇ ಎಂದು ವಿಚಾರಿಸಿ. ಸೇರಿದ ಮೇಲೆ ಮಂಡಿ, ಮಣಿಕಟ್ಟು ಅಥವಾ ಬೆನ್ನಿನಲ್ಲಿ ನೋವು ಕೆಲವು ದಿನಗಳಾದರೂ ಇಳಿಯದಿದ್ದರೆ ಮುಲಾಮು ಹಚ್ಚಿ ಸುಮ್ಮನಾಗದೆ ಮೂಳೆ ವೈದ್ಯರಿಗೆ ತೋರಿಸಿ.